ಹಲ್ಲುನೋವಿನ ಯೂರೋಪು, ಕಿವುಡು ಅಮೆರಿಕ

ನಮ್ಮ ಊರಿನವರು ಇಲ್ಲಿಯವರೆಗೆ ಯಾರ ಬಗ್ಗೆಯೂ ತಪ್ಪು ತಿಳಿದವರಲ್ಲ. ಬಡಾಯಿ ಕೊಚ್ಚಿಕೊಳ್ಳುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ. ಹೊರಗಿನಿಂದ ಬಂದ ಮನುಷ್ಯ ಎಂಥವನೆಂದು ಊರು ತಿಳಿಯುತ್ತದೋ, ಎರಡು ಮೂರು ದಿನ ಇಲ್ಲಿ ಉಂಡು ಮಲಗಿದರೆ ಸಾಕು, ಅವನು ಅಂಥವನೇ ಆಗಿಬಿಡುತ್ತಾನೆ. ಹೊಳೆಯಾಚೆಯ ಮಾಸ್ತರುಗಳು ನಿದ್ದೆಬಡುಕರು ಎಂದು ಊರಿಗೆ ಗೊತ್ತು. ನಾನು ಇಂಗ್ಲಿಷ್ ಕಲಿಸುವ ಹೈಸ್ಕೂಲಿಗೆ ಹೊಳೆಯಾಚೆಯಿಂದ ವರ್ಗವಾಗಿ ಬಂದ ಗಣಿತದ ಮಾಸ್ತರು, ಪಾಪ, ಬಲು ಚುರುಕಿನವರು, ವಾರದೊಳಗೆ ಬೋರ್ಡಿಗೆ ಹಣೆ ಆನಿಸಿ ಗೊರಕೆ ಹೊಡೆಯತೊಡಗಿದರು. ಮಕ್ಕಳು ಸದ್ದು ಮಾಡದೆ ಎದ್ದು ಹೋಗುವುದನ್ನು ಕಲಿತರು. ಊರಲ್ಲೇ ಹುಟ್ಟಿದವರಿಗೆ ಮಾತ್ರ ಇದು ತಟ್ಟುವುದಿಲ್ಲ. ತಟ್ಟಿದರೂ ಗೊತ್ತಾಗುವ ಹಾಗಿಲ್ಲ, ನಮ್ಮ ಬಗ್ಗೆ ನಾವು ಅಂದುಕೊಂಡಿರುವುದೆಲ್ಲ ಒಳ್ಳೆಯದೇ.

ಊರಿನ ಅಭಿಪ್ರಾಯ ತಯಾರಾಗುವುದು ಬಸ್ ಸ್ಟ್ಯಾಂಡಿನ ಎದುರು, ಗುರುಪಾದಪ್ಪನವರ ಚಹಾದಂಗಡಿಯಲ್ಲಿ. ಗುರುಪಾದಪ್ಪನವರು ಊರ ಸೀಮೆಯ ಹಳೇ ಸುಂಕದ ನಾಕಾ ದಾಟಿದ್ದು ಒಂದೇ ಸಲ, ಅದೂ ಮೂಲವ್ಯಾಧಿಯ ಆಪರೇಶನ್ನಿಗೆ. ಆದರೆ ಭೂಮಂಡಲವೆಲ್ಲ ಅವರ ಅಂಗೈಯಲ್ಲಿದೆ. ಅವರ ಅಜ್ಜನ ಕಾಲದಲ್ಲಿ, ಬೆಟ್ಟದ ಗುಹೆಗಳನ್ನು ನೋಡಲು ಹೊರಟಿದ್ದ ಒಬ್ಬ ಯೂರೋಪಿನವನು ಇಲ್ಲಿ ಇಳಿದನಂತೆ. ಅವನಿಗೆ ವಿಪರೀತ ಹಲ್ಲುನೋವು. ಎಡಗೆನ್ನೆ ಹಿಡಿದುಕೊಂಡು, ಯಾರ ಮುಖವನ್ನೂ ನೋಡದೆ, ಕೊಟ್ಟದ್ದನ್ನು ತಿನ್ನದೆ, ನಿಟ್ಟುಸಿರು ಬಿಡುತ್ತ ಕೂತಿದ್ದ. ಯೂರೋಪಿನವರು ಹೀಗೆ ಎಂದು ಊರಿಗೆ ತಿಳಿಯಿತು. ಆಮೇಲೊಬ್ಬ ಅಮೆರಿಕದವನು ಬಂದ. ಅವನಿಗೆ ಒಂದು ಕಿವಿ ಕೇಳುತ್ತಿರಲಿಲ್ಲವಾದ್ದರಿಂದ ಮಾತೆಲ್ಲ ಕೂಗಾಟ. ಏನು ಕೇಳಿದರೂ ತಿಳಿಯದೆ ಹಲ್ಲು ಕಿರಿದು 'ಬಹಳ ಚೆನ್ನಾಗಿದೆ' ಎನ್ನುತ್ತಿದ್ದ. ಅಲ್ಲಿಗೆ ಅಮೆರಿಕವೂ ತೀರ್ಮಾನವಾಯಿತು. ಅಂದಿನಿಂದ ಇಲ್ಲಿ ತಂಗಿದ ಯೂರೋಪಿನವರೆಲ್ಲ ಎಡಗೆನ್ನೆಗೆ ಕೈ ಹಚ್ಚಿದ್ದಾರೆ, ಅಮೆರಿಕದವರೆಲ್ಲ ಕುತ್ತಿಗೆ ಓರೆ ಮಾಡಿ ಕೂಗಿದ್ದಾರೆ. ಮಿಕ್ಕದ್ದನ್ನು ಅಂಗಡಿಯ ಬೆಂಚು ಸೇರಿಸುತ್ತ ಬಂತು. ಯೂರೋಪಿನವರಿಗೆ ಹಳೆಯದೆಲ್ಲ ಚಂದ, ಇವತ್ತಿನದೆಲ್ಲ ಹೊಲಸು, ನಾಳೆಯ ಮಾತೇ ಬೇಡ. ಅಮೆರಿಕದವರಿಗೆ ನಿನ್ನೆ ಎಂಬುದೇ ಇಲ್ಲ, ಜಗತ್ತಿನಲ್ಲಿ ಎಲ್ಲವನ್ನೂ ರಿಪೇರಿ ಮಾಡಬಹುದು, ಎಲ್ಲರೂ ಸ್ನೇಹಿತರು, ಯಾರ ಹೆಸರೂ ನೆನಪಿಲ್ಲ.

ಪರದೇಶದವರು ಇಳಿದುಕೊಳ್ಳುವುದು ನಮ್ಮ ವೈನಿಯ ಖಾನಾವಳಿಯ ಅಟ್ಟದ ಮೇಲೆ. ವೈನಿ ಎಂದರೆ ನೀಲಗಂಗಾ, ತೀರಿಹೋದ ನನ್ನ ಅಣ್ಣನ ಹೆಂಡತಿ. ಬೀದಿಯ ಕಡೆ ಕಿಟಕಿ ಇರುವ, ವರ್ಷವರ್ಷ ಬಣ್ಣ ಹೊಡೆಸುವ ಖೋಲಿ ಅಮೆರಿಕದವರಿಗೆ. ಹೋಗಿಬರುವವರನ್ನೆಲ್ಲ ಕೂಗಿ ಮಾತಾಡಿಸಲು ಅನುಕೂಲ. ಹಿಂದಿನ ಕತ್ತಲ ಖೋಲಿ ಯೂರೋಪಿನವರಿಗೆ. ಅಲ್ಲಿಯ ಗೋಡೆಗೆ ಆಕೆ ಸುಣ್ಣವನ್ನೇ ಬಳಿಸುವುದಿಲ್ಲ, ಕೈಮುರಿದ ಕುರ್ಚಿಯನ್ನು ಎಸೆಯುವುದಿಲ್ಲ, ಕಿವಿ ಮುರಿದ ಕಪ್ಪುಗಳನ್ನೆಲ್ಲ ಅಲ್ಲಿಗೇ ಕಳಿಸುತ್ತಾಳೆ. ಅವರು ಬಿರುಕುಗಳನ್ನು ಸವರುತ್ತ, ಕೆನ್ನೆ ಹಿಡಿದುಕೊಂಡು ಸುಖವಾಗಿ ದುಃಖಪಡುತ್ತಾರೆ. ವೈನಿಯ ತವರೂರು ಬೋರಗಟ್ಟಿ. ಬೋರಗಟ್ಟಿಯ ಹೆಣ್ಣುಮಕ್ಕಳ ನಾಲಿಗೆ ಕುಡುಗೋಲಿನ ಹಾಗೆ ಎಂಬುದು ಊರಿಗೆಲ್ಲ ಗೊತ್ತಿದ್ದದ್ದೇ, ಹಾಗಾಗಿ ಆಕೆ ಎರಡನೇ ಸಲ ಸಾರು ಬಡಿಸುವುದೂ ಬೈಗುಳದ ಜೊತೆಗೇ. ಉಣ್ಣುವವರಿಗೆ ಅಭ್ಯಾಸವಾಗಿಹೋಗಿದೆ.

ಹೀಗಿರುವಾಗ ಗುಹೆಗಳ ದಾರಿಯ ಸೇತುವೆ ಕುಸಿದು, ದುರಸ್ತಿಯಾಗುವವರೆಗೆ ಕಾಯಬೇಕಾದ ಒಂದು ಜೋಡಿ ಬಂದಿಳಿಯಿತು. ಹೆಂಡತಿ ಎಡ್ನಾ, ಅಮೆರಿಕದವಳು. ಗಂಡ ಡುವಾರ್ತೆ, ಪೋರ್ಚುಗಲ್ಲಿನವನು. ಇಬ್ಬರೂ ನಡುವಯಸ್ಸು ದಾಟಿದವರು, ತಡವಾಗಿ ಮದುವೆಯಾದವರು. ಒಂದು ಅಮೆರಿಕ ಒಂದು ಯೂರೋಪು ಕೂಡಿ ಬಂದದ್ದು ಅದೇ ಮೊದಲು. ಯಾವ ಖೋಲಿ ಕೊಡಬೇಕೆಂದು ವೈನಿ ತಲೆ ಕೆರೆದುಕೊಂಡಳು. ನಾನು ನಡುವೆ ನಿಂತು ಅವರ ಇಂಗ್ಲಿಷನ್ನು ಇವಳಿಗೂ ಇವಳ ಬೈಗುಳವನ್ನು ಸ್ವಲ್ಪ ಸೋಸಿ ಅವರಿಗೂ ಹೇಳುತ್ತಿದ್ದೆ. "ನಮಗೆ ಒಂದೇ ಖೋಲಿ ಸಾಕು, ಯಾವುದಾದರೂ ಸರಿ" ಎಂದ ಡುವಾರ್ತೆ. ಬೀದಿಯ ಖೋಲಿ ಕೊಟ್ಟದ್ದಾಯಿತು.

ಆ ಡುವಾರ್ತೆ ಎಂಥ ಮನುಷ್ಯ! ಬಂದ ದಿನವೇ ಅಡುಗೆಮನೆಗೆ ನುಗ್ಗಿ ರೊಟ್ಟಿ ಬಡಿಯಲು ಕೂತ. ರೊಟ್ಟಿ ಹರಿದು ಚಿಂದಿಯಾದಾಗ ಅದನ್ನು ಮುಖಕ್ಕೆ ಹಿಡಿದು ತೂತಿನಲ್ಲಿ ಇಣುಕಿ ನಕ್ಕ. ಯಾವುದೋ ಹಾಡನ್ನು ಹೊಟ್ಟೆಯಿಂದ ಹಾಡಿದ. ಎಡ್ನಾ ಮೆಟ್ಟಿಲ ಮೇಲೆ ಕೂತು ವೈನಿಯ ಜೊತೆ ಅವರೆಕಾಯಿ ಸುಲಿಯುತ್ತ ಗಂಟೆಗೊಂದು ಮಾತಾಡಿದರೆ ಹೆಚ್ಚು. ಆದರೆ ಆಕೆ ಬಾಯಿ ತೆರೆದಳೆಂದರೆ ಅವನು ಹಾಡನ್ನು ಅರ್ಧಕ್ಕೇ ನಿಲ್ಲಿಸಿ ಕಿವಿಗೊಡುತ್ತಿದ್ದ. ಊಟಕ್ಕೆ ಕೂತಾಗ ಅವನ ತಾಟಿನ ಹಸಿಮೆಣಸಿನಕಾಯಿಯನ್ನೆಲ್ಲ ಆಕೆ ಸುಮ್ಮನೆ ಆರಿಸಿ ತನ್ನ ತಾಟಿಗೆ ಹಾಕಿಕೊಳ್ಳುತ್ತಿದ್ದಳು. ಅವನು ತನ್ನ ಹಪ್ಪಳದ ಅರ್ಧವನ್ನು ಅತ್ತ ದೂಡುತ್ತಿದ್ದ. ವೈನಿ ಸಾರಿನ ಸೌಟು ಹಿಡಿದವಳು ಹಾಗೇ ನಿಂತು ನೋಡಿದಳು. ಸಂಜೆ ನನ್ನನ್ನು ಹಿತ್ತಲಿಗೆ ಕರೆದು ಅಂದಳು: "ಏ ಬಸಲಿಂಗಾ, ಇವರನ್ನ ಆ ದರಿದ್ರ ಬೆಂಚಿನ ಬಾಯಾಗ ಹಾಕಬಾರದು. ನೀ ಹೋಗಿ ಹೇಳೂದಿಲ್ಲ, ನಿನ್ನ ಎದಿ ಕುಂಬಳಕಾಯಿ ಎದಿ. ನಾನ ಹೋಗ್ತೀನಿ."

ಮರುದಿನ ಬೆಳಿಗ್ಗೆ ಆಕೆ ಸೆರಗು ಹೊದ್ದುಕೊಂಡು ಚಹಾದಂಗಡಿಗೆ ಹೋದಳು. ಜೊತೆಗೆ ನಾನೂ ಇದ್ದೆ. ಬೆಂಚು ಆಗಲೇ ಬಿಸಿಯಾಗಿತ್ತು. ಡುವಾರ್ತೆ ಬೀದಿಯಲ್ಲಿ ಮಕ್ಕಳ ತಲೆ ಸವರಿ ನಗುತ್ತ ಹೋದದ್ದನ್ನು ಎಲ್ಲರೂ ನೋಡಿದ್ದರು, ಯಾರಿಗೂ ಸರಿಬಂದಿರಲಿಲ್ಲ. "ಅಂವ ಯೂರೋಪಿನಾಂವ. ನಗಬಾರದು" ಎಂದು ಗುರುಪಾದಪ್ಪನವರು ಚಹಾ ಸೋಸುತ್ತ ಹೇಳುತ್ತಿದ್ದರು. "ನಗಾಕತ್ತಾನಂದ್ರ ಇನ್ನೂ ಊರಿನ ನೀರು ಒಗ್ಗಿಲ್ಲ. ಆ ಹೆಣ್ಣಮಗಳು ಅಮೆರಿಕದಾಕಿ, ಬಾಯಿ ಬಿಡವಲ್ಲಳು. ಕಾಯ್ರಿ, ದಾರಿಗೆ ಬರ್ತಾರ." ಅವನು ಪೋರ್ಚುಗಲ್ ಎಂಬ ಸಣ್ಣ ದೇಶದವನು, ಯೂರೋಪಿನಲ್ಲಿ ನೂರೆಂಟು ತರದ ಜನ ಇದ್ದಾರೆ ಎಂದು ನಾನು ಹೇಳಿದೆ. "ಹೌದೌದು, ಯೂರೋಪು" ಎಂದರು ಗುರುಪಾದಪ್ಪನವರು, ನಾನು ಅವರ ಮಾತನ್ನೇ ಒಪ್ಪಿದೆನೇನೋ ಎಂಬಂತೆ.

ವೈನಿ ಕೈಮುಗಿದಳು. ಬೇಡಿಕೊಳ್ಳಬೇಕೆಂದೇ ಬಂದಿದ್ದಳು, ದಾರಿಯುದ್ದಕ್ಕೂ ಮೆತ್ತಗಿನ ಮಾತುಗಳನ್ನು ಬಾಯಲ್ಲಿ ಜೋಡಿಸಿಕೊಂಡಿದ್ದಳು. ಆದರೆ ಬಾಯಿ ತೆರೆದಾಗ ಹೊರಬಿದ್ದದ್ದು ಬೇರೆಯೇ. "ಗುರುಪಾದಪ್ಪಾ, ಸೋಸಿದ ಚಾಪುಡಿ ಮತ್ತ ಕುದಿಸಿ ಜನರಿಗೆ ಕುಡಿಸಾವ ನೀ, ನಿನಗ್ಯಾಕ ಬ್ಯಾರೇದವರ ಗಂಡಹೆಂಡ್ತಿ ಚಿಂತಿ? ನಿನ್ನ ಬಾಯಿಗೆ ಹುಳಾ ಬೀಳಲಿ!" ಎಂದಳು. ಎಂದವಳೇ ಬಾಯಿಗೆ ಕೈ ಅಡ್ಡ ಹಿಡಿದಳು. ಬೆಂಚು ಹೋ ಎಂದು ನಕ್ಕಿತು. "ನೋಡಿದ್ರೇನ್ರಪಾ, ಬೋರಗಟ್ಟಿ ನಾಲಿಗಿ!" ಎಂದರು ಗುರುಪಾದಪ್ಪನವರು, ಒಂದಿಷ್ಟೂ ಬೇಸರವಿಲ್ಲದೆ. ಅವರ ಸ್ವಂತ ಹೆಂಡತಿ ದುಂಡವ್ವ ಬೋರಗಟ್ಟಿಯವಳೇ, ದಿನಾ ಇದಕ್ಕಿಂತ ಖಾರದ್ದನ್ನು ಕೇಳಿದವರು. ಮನೆಗೆ ಬರುವವರೆಗೆ ವೈನಿ ಒಂದು ಮಾತೂ ಆಡಲಿಲ್ಲ. ಆಡಿದರೆ ಏನು ಬರುತ್ತದೆ ಎಂದು ಆಕೆಗೆ ಗೊತ್ತಿತ್ತು.

ಡುವಾರ್ತೆಯ ಕೈ ಕೆನ್ನೆಗೆ ಏರಿದ್ದು ಅವರು ಬಂದ ಮೂರನೆಯ ದಿನ, ಊಟದ ಹೊತ್ತಿನಲ್ಲಿ. ಏನೋ ಯೋಚನೆಯಲ್ಲಿದ್ದಾನೆ ಎಂದುಕೊಂಡೆ. ಕೈ ಕೆಳಗಿಳಿಯಲಿಲ್ಲ. ಬಲಗೈಯಲ್ಲಿ ಅನ್ನ ಕಲಸುತ್ತ, ಮೊದಲಿನ ಅನ್ನವೇ ಅನ್ನ, ಈಗಿನ ಅಕ್ಕಿಯಲ್ಲಿ ಏನಿದೆ ಎಂದು ನಿಟ್ಟುಸಿರಿಟ್ಟ. ಆ ಅಕ್ಕಿಯನ್ನು ಅವನು ಬದುಕಿನಲ್ಲಿ ಮೊದಲ ಸಲ ಉಂಡದ್ದೇ ಮೊನ್ನೆ. ಎಡ್ನಾ ಕತ್ತು ಓರೆ ಮಾಡಿ, "ಇದು ನಾನು ಜೀವಮಾನದಲ್ಲಿ ಉಂಡ ಅತ್ಯದ್ಭುತ ಅನ್ನ!" ಎಂದು ಬೀದಿಗೆ ಕೇಳುವಂತೆ ಕೂಗಿದಳು. ಕಿಟಕಿಯಲ್ಲಿ ಹಣಕಿದ ಬಳೆಗಾರನಿಗೆ ತಮ್ಮ ಮದುವೆಯ ಕಥೆಯನ್ನೆಲ್ಲ ಹೇಳಿ, ಅವನ ಹೆಸರು ಕೇಳಿ, ಮರುಕ್ಷಣ ಮರೆತಳು. ತಾಟಿನ ಮೆಣಸಿನಕಾಯಿ ಅವನ ತಾಟಿನಲ್ಲೇ ಉಳಿಯಿತು. ಬೀದಿಯಲ್ಲಿ ನೋಡುತ್ತ ನಿಂತಿದ್ದ ನಾಲ್ಕು ಜನ ತಲೆಯಾಡಿಸಿ, ಈಗ ಸರಿಯಾಯಿತು ಎನ್ನುತ್ತ ಹೋದರು.

ಆಮೇಲಿನ ಜಗಳ ಏನು ಹೇಳಲಿ. ನಿನ್ನ ದೇಶದಲ್ಲಿ ನಮ್ಮಜ್ಜಿಯ ಕಪಾಟಿಗಿಂತ ಹಳೆಯದಾದ ಕಟ್ಟಡವೊಂದಿದೆಯೇ ಎಂದು ಇವನು. ನೀವು ನಾನೂರು ವರ್ಷದಿಂದ ಒಂದೇ ಕುರ್ಚಿಯಲ್ಲಿ ಕೂತು, ಕುರ್ಚಿ ಸರಿಯಿಲ್ಲ ಎಂದು ಗೊಣಗುವವರು, ಎದ್ದು ಒಂದು ಮೊಳೆ ಹೊಡೆಯುವುದಿಲ್ಲ ಎಂದು ಇವಳು. ಮೊಳೆ ಹೊಡೆದು ಹೊಡೆದೇ ನೀವು ಜಗತ್ತನ್ನು ಹಾಳು ಮಾಡಿದ್ದು ಎಂದು ಮತ್ತೆ ಇವನು. ಇಬ್ಬರ ಮಾತೂ ಅವರದಲ್ಲ, ಚಹಾದಂಗಡಿಯ ಬೆಂಚಿನದ್ದು, ಹಲ್ಲುನೋವಿನ ಆ ಪುಣ್ಯಾತ್ಮನದ್ದು, ಕಿವಿ ಕೇಳದ ಈ ಪುಣ್ಯಾತ್ಮನದ್ದು. ಆದರೆ ಆಡಿದ ಬಾಯಿ ಅವರದ್ದೇ, ಗಾಯವೂ ಅವರದ್ದೇ. ಡುವಾರ್ತೆ ತಲೆದಿಂಬು ಎತ್ತಿಕೊಂಡು ಹಿಂದಿನ ಕತ್ತಲ ಖೋಲಿಗೆ ಹೋಗಿ ಬಾಗಿಲು ಹಾಕಿಕೊಂಡ. ಮರುದಿನ ಎಡ್ನಾ ಸೂಟ್‌ಕೇಸ್ ಕಟ್ಟಿ ಹೊಸಿಲಲ್ಲಿ ಕೂತು, ಮಧ್ಯಾಹ್ನದ ಬಸ್ಸಿಗೆ ರೈಲ್ವೆ ಸ್ಟೇಶನ್ನಿಗೆ ಹೋಗುತ್ತೇನೆ, ಮದುವೆ ಮುರಿದರೇನು, ಹೊಸದಾಗಿ ಶುರುಮಾಡುತ್ತೇನೆ, ಎಲ್ಲ ಬಹಳ ಚೆನ್ನಾಗಿದೆ ಎಂದು ನನಗೆ ಕೂಗಿ ಹೇಳಿದಳು. ಹೇಳುವಾಗ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಹೋಗಿ ಅವನಿಗೆ ತಿಳಿಸಿದೆ. ಹೋಗುವವರು ಹೋಗುತ್ತಾರೆ, ಯಾವಾಗಲೂ ಹೀಗೇ ಆಗುವುದು ಎಂದು ಅವನು ಗೋಡೆಯ ಬಿರುಕನ್ನು ಸವರಿದ.

ವೈನಿ ಅಡುಗೆಮನೆಯಲ್ಲಿ ಒಲೆಯ ಮೇಲೆ ಬೇಳೆ ಇಡುತ್ತಿದ್ದಳು. ನನ್ನನ್ನು ನೋಡಿ ಸಿಡುಕಿದಳು. "ಬಾಯಿ ತಗದು ನಿಂತೀಯಲ್ಲ ಕತ್ತೆಯಂಗ! ಆ ಇಬ್ಬರನ್ನೂ ಒಂದ ಗಾಡ್ಯಾಗ ಹಾಕಿ ನಾಕಾ ದಾಟಿಸಬೇಕು. ದಾಟಿದ್ರ ಇದು ಬಿಡ್ತದ." ನಿನಗೆ ಹೇಗೆ ಗೊತ್ತು ಎಂದೆ. "ನಿನ್ನ ಇಂಗ್ಲಿಷಿಗೆ ಬೆಂಕಿ ಬೀಳಲಿ. ನಾ ಏನ ಈ ಊರಾಗ ಹುಟ್ಟೇನೇನು? ತವರಿಗೆ ಹೊಂಟಾಗ ಬಸ್ಸು ನಾಕಾ ದಾಟಿತಂದ್ರ ನನ್ನ ನಾಲಿಗಿ ಮೆತ್ತಗ ಆಗ್ತಿತ್ತು. ಈ ಊರಿನ ಸೊಸೆಂದಿರಿಗೆಲ್ಲಾ ಗೊತ್ತದ. ನೀವು ಗಂಡಸರು ಎಂದಾದ್ರೂ ಕೇಳೀರೇನು?" ಅವ್ವ ಅಪ್ಪ ಸತ್ತ ಮೇಲೆ ಆಕೆ ತವರಿಗೆ ಹೋದದ್ದೇ ಇಲ್ಲ. ಇಷ್ಟು ವರ್ಷ ಆಕೆಯ ಕೈಯಲ್ಲಿ ಉಂಡಿದ್ದೇನೆ, ಹೊರಗಿನಿಂದ ಬಂದವರು ಎಂದರೆ ನಮ್ಮ ಮನೆಗಳ ಒಳಗೇ ಇದ್ದಾರೆ ಎಂದು ನನಗೆ ಹೊಳೆದಿರಲಿಲ್ಲ. "ಇವತ್ತ ಒಬ್ಬೊಬ್ಬರ ಹೋದ್ರಂದ್ರ ಮುಗೀತು" ಎಂದಳು ವೈನಿ. "ಯಾವ ಊರಾಗ ಕಳ್ಕೊಂಡ್ವಿ ಅಂತ ಸೈತ ಅವರಿಗೆ ತಿಳ್ಯಾಂಗಿಲ್ಲ."

ಇಬ್ಬರನ್ನೂ ಒಂದೇ ಗಾಡಿಗೆ ಹತ್ತಿಸುವ ಉಪಾಯವನ್ನೂ ಆಕೆಯೇ ಹೂಡಿದಳು. ನಾಕಾದ ಆಚೆಗೆ ಒಂದು ಹಾಳು ಸುಣ್ಣದ ಭಟ್ಟಿ ಇದೆ, ನಾಯಿಗಳು ಮಲಗುವ ಜಾಗ. "ಅವಗ ಹೇಳು, ಭಾಳ ಹಳೇದು, ಪೂರಾ ಬಿದ್ದು ಹೋಗೇದ, ಯಾರೂ ಅದರ ಕಡೆ ಹೊಳ್ಳಿ ನೋಡೂದಿಲ್ಲಂತ. ಆಕಿಗೆ ಹೇಳು, ಇಂಥಾ ದೊಡ್ಡ ಭಟ್ಟಿ ಜಗತ್ತಿನಾಗ ಇಲ್ಲ, ಸ್ವಲ್ಪ ರಿಪೇರಿ ಮಾಡಿದ್ರ ಜನ ಕ್ಯೂ ಹಚ್ಚಿ ನಿಲ್ತಾರಂತ." ಊರು ಅವರಿಗೆ ಹೊರಿಸಿದ ಗುಣವನ್ನೇ ಹಿಡಿದು ಎಳೆಯುವುದೆಂದರೆ ಇದು. ನನಗೆ ನಂಬಿಕೆ ಇರಲಿಲ್ಲ, ಆದರೂ ಹೇಳಿದೆ. ಡುವಾರ್ತೆ ಕತ್ತಲಲ್ಲಿ ತಲೆಯೆತ್ತಿ, "ಯಾರೂ ನೋಡುವುದಿಲ್ಲವೇ?" ಎಂದು ಆಸೆಯಿಂದ ಕೇಳಿ ಬೂಟು ಹುಡುಕಿದ. ಎಡ್ನಾ "ಜಗತ್ತಿನಲ್ಲೇ?" ಎಂದು ಕಣ್ಣೊರೆಸಿಕೊಂಡು ಎದ್ದೇಬಿಟ್ಟಳು. ಅವಳನ್ನು ಅಲ್ಲಿಂದಲೇ ಬಸ್ಸಿಗೆ ಹತ್ತಿಸುತ್ತೇವೆ ಎಂದು ಸೂಟ್‌ಕೇಸನ್ನೂ ಟಂಟಂ ಗಾಡಿಗೆ ಏರಿಸಿದೆವು. ಡುವಾರ್ತೆಯ ಚೀಲವನ್ನು ವೈನಿ ಸೀಟಿನ ಕೆಳಗೆ ತುರುಕಿ, ಮೇಲೆ ತಾನು ಕೂತಳು. ಗಂಡಹೆಂಡತಿ ಬೆನ್ನಿಗೆ ಬೆನ್ನು ಕೊಟ್ಟು ಕೂತರು. ದಾರಿಯುದ್ದಕ್ಕೂ ಅವನು ಕೆನ್ನೆ ಹಿಡಿದು ನರಳಿದ, ಅವಳು ಟಂಟಂ ಓಡಿಸುವವನಿಗೆ ಬದುಕಿನಲ್ಲಿ ಮುಂದೆ ಬರುವುದು ಹೇಗೆಂದು ಕೂಗಿ ಹೇಳಿದಳು, ವೈನಿ ಮೂವರನ್ನೂ ಬೈದಳು.

ನಾಕಾದ ಕಲ್ಲುಕಂಬ ಹಿಂದೆ ಸರಿಯಿತು. ಎಡ್ನಾಳ ಮಾತು ಅರ್ಧದಲ್ಲಿ ನಿಂತಿತು. ಭಟ್ಟಿಯ ಹತ್ತಿರ ಇಳಿದಾಗ ಡುವಾರ್ತೆ ತನ್ನ ಎಡಗೈಯನ್ನು ನೋಡಿಕೊಂಡ, ಅದು ಎಲ್ಲಿತ್ತು ಎಂಬುದೇ ಗೊತ್ತಿಲ್ಲದವನ ಹಾಗೆ. ಮುರಿದ ಇಟ್ಟಿಗೆ, ಜಾಲಿಗಿಡ, ಎದ್ದು ಮೈಮುರಿದ ಎರಡು ನಾಯಿ. "ಜಗತ್ತಿನಲ್ಲೇ ಅತಿ ದೊಡ್ಡದು ಇದೇನಾ?" ಎಂದು ಎಡ್ನಾ ಮೆಲ್ಲಗೆ ಕೇಳಿದಳು. ಅವನು ಅವಳ ಮುಖ ನೋಡಿದ, ಹೊಟ್ಟೆಯಿಂದ ನಗು ಬಂತು, ನಗುತ್ತ ನಗುತ್ತ ಅಳತೊಡಗಿದ. ಅವಳು ಹತ್ತಿರ ಹೋಗಿ ಅವನ ಅಂಗಿಯ ಮೇಲಿನ ಧೂಳು ಕೊಡವಿದಳು, ಬಹಳ ಹೊತ್ತು ಕೊಡವಿದಳು.

"ಬಸಲಿಂಗಾ" ಎಂದು ಯಾರೋ ಕರೆದರು. ತಿರುಗಿ ನೋಡಿದೆ. ಅಲ್ಲಿ ವೈನಿಯ ಹೊರತು ಯಾರೂ ಇರಲಿಲ್ಲ. ತಗ್ಗಿದ ದನಿ, ಸ್ವಲ್ಪ ನಡುಗುವ ದನಿ. "ಬಿಸಲಾಗ ನಿಂತೀಯಲ್ಲೋ, ನೆಳ್ಳಿಗೆ ಬಾ" ಎಂದಳು. ನನಗೆ ಅಳು ಬಂತು, ನಾಚಿಕೆ ಬಿಟ್ಟು ಹೇಳುತ್ತೇನೆ. "ನಿಮ್ಮಣ್ಣ ಬೋರಗಟ್ಟ್ಯಾಗ ಮದಿವಿ ದಿನ ಈ ದನಿ ಕೇಳಿದ್ದ. ಆಮ್ಯಾಲ ಎಷ್ಟೋ ಸಲ ನನ್ನ ಮಾರಿ ನೋಡಿ, ಆ ಹುಡಿಗಿ ಎಲ್ಲಿ ಹೋದಳು ಅಂತ ಕೇಳತಿದ್ದ. ನಾ ಇಲ್ಲೇ ಅದೇನಿ ಅಂತ ಹೇಳಾಕ ಹೋದ್ರ ಬೈಗುಳನ ಬರತಿತ್ತು. ಹಂಗ ಕೇಳಕೋತನ ಸತ್ತ." ಇಷ್ಟು ಹೇಳಿ ಸೆರಗಿನಿಂದ ಮೂಗು ಒರೆಸಿಕೊಂಡಳು.

ದೂರದಲ್ಲಿ ಮಧ್ಯಾಹ್ನದ ಬಸ್ಸು ಧೂಳೆಬ್ಬಿಸುತ್ತ ಬಂತು. ಡುವಾರ್ತೆ ರಸ್ತೆಯ ನಡುವೆ ನಿಂತು ಎರಡೂ ಕೈ ಬೀಸಿದ. ಚೀಲ ಏರಿದವು, ಅವರಿಬ್ಬರೂ ಏರಿದರು. ಎಡ್ನಾ ಬಾಗಿಲಲ್ಲಿ ನಿಂತು ವೈನಿಯತ್ತ ಕೈ ಚಾಚಿದಳು. ವೈನಿ ಊರಿನ ಕಡೆ ಒಮ್ಮೆ ನೋಡಿದಳು, ಆಮೇಲೆ ಆ ಕೈ ಹಿಡಿದು ಹತ್ತಿಯೇಬಿಟ್ಟಳು. "ವೈನಿ, ಖಾನಾವಳಿ?" ಎಂದೆ. "ನೀನ ನೋಡ್ಕೊಳ್ಳಪಾ. ಬ್ಯಾಳಿಗೆ ಉಪ್ಪು ಹಾಕಿಲ್ಲ" ಎಂದಳು, ಅದೇ ಮೆತ್ತಗಿನ ದನಿಯಲ್ಲಿ. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಕೇಳುವ ಅಧಿಕಾರ ನನಗೆ ಇತ್ತೆಂದು ಅನಿಸಲಿಲ್ಲ.

ಊರಿಗೆ ಮರಳಿ ಬಂದಾಗ ಬೆಂಚು ಸುದ್ದಿಗಾಗಿ ಕಾದಿತ್ತು. ವೈನಿ ಎಲ್ಲಿ ಎಂದು ಗುರುಪಾದಪ್ಪನವರು ಕೇಳಿದರು. ಊರು ಬಿಟ್ಟು ಹೋದಳು ಎಂದೆ. ಅವರು ಕೆಟಲಿ ಕೆಳ‍ಗಿಟ್ಟು ಮೂಗು ಮುರಿದರು. "ಬೋರಗಟ್ಟಿ ಹೆಣ್ಣಮಕ್ಕಳ ಹಂಗ್ರೀ! ಎಷ್ಟ ವರ್ಷ ಉಂಡರೂ ಅಷ್ಟ, ಒಂದಿನ ಗಂಟ ಕಟ್ಟಿಕೊಂಡು ಹೊಂಟ ಹೋಗಾವರ. ಅವರ ರಕ್ತದಾಗ ಅದ." ಬೆಂಚಿನ ಮೇಲಿನ ತಲೆಗಳೆಲ್ಲ ಒಟ್ಟಿಗೆ ಹೌದೆಂದವು. ಹಿಂದೆ ನಿಂತಿದ್ದವರು ಇನ್ನೊಂದು ಓಣಿಗೆ ಹೋಗಿ ಅದನ್ನೇ ಹೇಳಿದರು, ಸಂಜೆಯ ಹೊತ್ತಿಗೆ ಊರಿಗೆ ಊರೇ ಅದನ್ನು ತಿಳಿದುಕೊಂಡಿತ್ತು. ಆ ತಲೆಗಳು ಅಲ್ಲಾಡುವುದನ್ನು ನೋಡುತ್ತ ಮುಂದೇನಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಾಯಿತು. ಒಂದು ಮಾತು ಹೇಳಿ ಗುರುಪಾದಪ್ಪನವರನ್ನು ಎಚ್ಚರಿಸಬಹುದಿತ್ತು. ನಾನು ಇನ್ನೊಂದು ಚಹಾ ಹೇಳಿ ಆರಾಮಾಗಿ ಕುಡಿದೆ.

ಎರಡು ದಿನ ಕಳೆದು ಬೆಳಗಿನ ಬಸ್ಸಿಗೆ ಹೋಗುವವರನ್ನು ನೋಡಲೆಂದೇ ನಾನು ಸ್ಟ್ಯಾಂಡಿಗೆ ಹೋದೆ. ನಮ್ಮ ಊರಲ್ಲಿ ಬೋರಗಟ್ಟಿಯ ಸೊಸೆಯಂದಿರು ಕಡಿಮೆಯಿಲ್ಲ. ಒಬ್ಬೊಬ್ಬಳೇ ಬಂದಳು, ತಲೆಯ ಮೇಲೆ ಗಂಟು, ಕಂಕುಳಲ್ಲಿ ಟ್ರಂಕು. ಪಂಚಾಯತಿ ಅಧ್ಯಕ್ಷರ ಸೊಸೆ, ಹಿಟ್ಟಿನ ಗಿರಣಿಯವನ ಹೆಂಡತಿ, ಹೋದ ತಿಂಗಳಷ್ಟೇ ಮದುವೆಯಾಗಿ ಬಂದ ಹುಡುಗಿ. ಕಿಟಕಿಯ ಪಕ್ಕದ ಸೀಟಿನಲ್ಲಿ ದುಂಡವ್ವ ಕೂತಿದ್ದಳು. ಗುರುಪಾದಪ್ಪನವರು ಸೋಸುವ ಬಟ್ಟೆ ಕೈಯಲ್ಲಿ ಹಿಡಿದೇ ಓಡಿಬಂದರು. "ಏ ದುಂಡವ್ವಾ, ಇಳೀ ಕೆಳಗ! ಯಾಕ, ಎಲ್ಲಿಗೆ?" ಎಂದು ಗೋಗರೆದರು. "ಯಾಕಂತ ನನಗೇನ ಗೊತ್ತು? ಆ ಹಾಳ ಮಾರಿ ತಗೊಂಡು ಅತ್ತಾಗ ಸರೀರಿ, ಗಾಳಿ ಬರವಲ್ದು" ಎಂದಳು ದುಂಡವ್ವ. ಕಂಡಕ್ಟರ್ ಸೀಟಿ ಊದಿದ. ಗುರುಪಾದಪ್ಪನವರು ಬಿಳಿಚಿದ ಮುಖ ಹೊತ್ತು ಜನರ ಕಡೆ ತಿರುಗಿ ಎರಡೂ ಕೈ ಎತ್ತಿದರು. "ಬೋರಗಟ್ಟಿಯವರು ಹಂಗಲ್ರೋ! ಅವರು ಬಿಟ್ಟು ಹೋಗಾವರಲ್ಲ! ನಾ ಅಂದದ್ದು ತಪ್ಪು, ಸುಳ್ಳು, ನಂಬಬ್ಯಾಡ್ರಿ!" ಜನ ಅವರನ್ನು ನೋಡಿದರು, ಕಿಟಕಿ ಕಿಟಕಿಗೂ ಬೋರಗಟ್ಟಿಯ ಮುಖಗಳೇ ತುಂಬಿದ್ದ ಬಸ್ಸನ್ನು ನೋಡಿದರು. ಬಸ್ಸು ಹೊರಟಿತು. ದಿನಾ ಅವರ ಬೆಂಚಿನಲ್ಲಿ ಕೂರುವ ಕಿರಾಣಿ ಅಂಗಡಿಯ ಚನಮಲ್ಲ ಹತ್ತಿರ ಬಂದು, ಪ್ರೀತಿಯಿಂದ ಅವರ ಬೆನ್ನು ತಟ್ಟಿದ.

"ಸಣ್ಣವರಾಗಬ್ಯಾಡ್ರಿ, ಗುರುಪಾದಪ್ಪನವರ. ನಿಮ್ಮ ಮಾತು ಎಂದಾದ್ರೂ ಸುಳ್ಳಾಗೇದೇನು?"